ಕಂಪೌಂಡರನ ಮನೆಗೆ ಒಯ್ದ ರೊಟ್ಟಿ

ನಮ್ಮದು ಆಳಂದ ತಾಲೂಕು. ಹೋದ ವರ್ಷ ತೊಗರಿ ರಾಶಿಯ ಹೊತ್ತಿಗೆ ಬೀದಿ ನಾಯಿಯೊಂದು ನನ್ನ ಮೊಮ್ಮಗಳ ಕಾಲಿಗೆ ಕಚ್ಚಿತು. ಸಾಬೂನು ಹಚ್ಚಿ ತೊಳೆದು ಸರಕಾರಿ ದವಾಖಾನೆಗೆ ಓಡಿದೆ. ನಾಯಿಗೆ ಹುಚ್ಚಿದ್ದು, ಸೂಜಿ ಬೀಳದಿದ್ದರೆ ಹುಡುಗಿ ಉಳಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತು.

ಡಾಕ್ಟರ ಕುರ್ಚಿ ಖಾಲಿ. ಕಂಪೌಂಡರನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಸೂಜಿ ಇಲ್ಲ ಬೇ ಆಯಿ. ಎದುರಿನ ಮೆಡಿಕಲ್‌ನ್ಯಾಗ ತಗೊಂಡು ಬಾ, ಮಾಡ್ತೇನಿ."

ಆ ಮೆಡಿಕಲ್ ಅವನ ಹೆಂಡತಿಯ ತಮ್ಮನದು. ಅಂಗಡಿಯವನು ತೆಗೆದ ಡಬ್ಬಿಯ ಮೇಲಿದ್ದದ್ದನ್ನು ಮೊಮ್ಮಗಳೇ ಓದಿದಳು: "ಆಯಿ, ಸರಕಾರದ್ದು, ಮಾರಬಾರದು ಅಂತ ಬರದಾರ." ಅವನು ಡಬ್ಬಿ ಕಸಿದುಕೊಂಡ. ಅವನು ಕೇಳಿದಷ್ಟು ರೊಕ್ಕವೂ ನನ್ನಲ್ಲಿ ಇರಲಿಲ್ಲ.

ನಮ್ಮಲ್ಲಿ ಯಾರಾದರೂ ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ರೊಟ್ಟಿ, ಬೇಳೆ ಒಯ್ದು ಕೊಡುತ್ತಾರೆ. ನಾನು ಮನೆಗೆ ಬಂದು, ಹೊಲಕ್ಕೆಂದು ಬೆಳಿಗ್ಗೆ ಬಡಿದಿಟ್ಟ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ತಲೆ ಮೇಲಿಟ್ಟುಕೊಂಡು ಸೀದಾ ಕಂಪೌಂಡರನ ಮನೆಗೆ ಹೋದೆ. ಮೊಮ್ಮಗಳು ಕುಂಟುತ್ತ ಬಂದಳು. ಅವನ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ವಾರಗೆಯವಳು, ಬಾಯಿ ನನಗಿಂತ ಜೋರು.

"ಯಾರು ಸತ್ತಾರಂತ ರೊಟ್ಟಿ ತಂದಿ ಬೇ? ನಿನ್ನ ಬಾಯಾಗ ಮಣ್ಣು ಬೀಳಲಿ!"

"ನಿನ್ನ ಮಗನ ದವಾಖಾನ್ಯಾಗಿನ ಸೂಜಿ ಎಲ್ಲಾ ಸತ್ತಾವಂತ. ಹೆಣ ಒಯ್ದು ನಿಮ್ಮ ಬೀಗರ ಹುಡುಗನ ಅಂಗಡ್ಯಾಗ ಇಟ್ಟಾರ. ದುಃಖದ ಮನಿ, ಒಂದ್ ತುತ್ತು ಉಣ್ಣು."

ಓಣಿಯ ಹೆಂಗಸರು ಮೊದಲು ಗಾಬರಿಯಾದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಬ್ಬಳು ಒಳಗೆ ಹೋಗಿ ಶೇಂಗಾ ಚಟ್ನಿಯನ್ನೂ ತಂದಳು: "ಬರೇ ರೊಟ್ಟಿ ಹೆಂಗ ಉಣ್ತಾರ್ರಿ, ಪಾಪ!"

ಮುದುಕಿ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ದವಾಖಾನೆಗೆ ನಡೆದಳು. ನಾವೆಲ್ಲ ಹಿಂದೆ.

"ಭಾಡ್ಯಾ, ನಾ ಇನ್ನೂ ಜೀವಂತ ಇದ್ದೇನಿ, ಮನಿಗೆ ಸತ್ತವರ ರೊಟ್ಟಿ ತರಸ್ತೀ? ಆ ಕೂಸಿಗೆ ಸೂಜಿ ಮಾಡು ಮೊದ್ಲ!"

ಕಂಪೌಂಡರನು ಫ್ರಿಜ್ ತೆಗೆದ. ಸೂಜಿ ಅದರಲ್ಲೇ ಇತ್ತು. ಹುಡುಗಿ ಚೀರಿದಳು, ನನಗೆ ಹಿತವೆನಿಸಿತು.

ಉಳಿದ ಸೂಜಿಗಳಿಗೆ ಅವನೇ ನಮ್ಮನ್ನು ಕರೆದ. ಆದರೆ ಮೊನ್ನೆ ನಾಯಿಯಿಂದ ಕಚ್ಚಿಸಿಕೊಂಡ ಪಕ್ಕದ ಮನೆಯವನಿಗೆ ಮತ್ತೆ ಇಲ್ಲ ಅಂದನಂತೆ. ಆ ಮನುಷ್ಯ ನನ್ನ ಹತ್ತಿರ ಬಂದು, ನನಗೂ ನಾಲ್ಕು ರೊಟ್ಟಿ ಬಡಿದುಕೊಡು ಅಂದ.

"ನಿನ್ನ ಹೆಂಡ್ತಿಗೆ ಕೈ ಇಲ್ಲೇನಲೇ? ಆಕಿನೇ ರೊಟ್ಟಿ ಬಡಿಲಿ. ಜೋಡಿಗೆ ನಾ ಬರ್ತೇನಿ, ನಡಿ."