ಹಿಂದಿನ ಸೈಕಲ್ಲಿನ ಕಸ್ತೂರಕ್ಕ

ಕಸ್ತೂರಕ್ಕ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ, ಅವರ ಬೆನ್ನಿನಾಚೆ ನೋಡುತ್ತಿದ್ದಳು. ಮೊದಲ ಸಲ ಅವಳೆದುರು ನಿಂತವರು ಹಿಂದಿನಿಂದ ಏನೋ ಬರುತ್ತಿದೆಯೆಂದು ಗಾಬರಿಯಾಗಿ ತಿರುಗುತ್ತಿದ್ದರು. ಅವಳನ್ನು ನೋಡಲು ಬಂದಿದ್ದ ಗಂಡು ಉಪ್ಪಿಟ್ಟು ತಿಂದು ಮುಗಿಸುವುದರೊಳಗೆ ಎಷ್ಟೋ ಸಲ ಹಿಂದಿರುಗಿ ಗೋಡೆ ನೋಡಿದನಂತೆ. ‘ಅಂವಗ ನನಕಿಂತ ಗ್ವಾಡಿ ಸೇರಿತ್ತು’ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆ ಸಂಬಂಧ ಕೂಡಿಬರಲಿಲ್ಲ.

ಅದು ಸೊಕ್ಕಲ್ಲ, ಅಭ್ಯಾಸ. ನಮ್ಮದು ಚೆನ್ನೈಯ ಹೆಂಗಸರ ಸೈಕಲ್ ರೇಸಿನ ಟೀಮು. ರಸ್ತೆಯಲ್ಲಿ ಸಾಲಾಗಿ ಓಡಿಸುವಾಗ ಮುಂದಿನವಳ ಚಕ್ರಕ್ಕೂ ನಮ್ಮ ಚಕ್ರಕ್ಕೂ ಗೇಣಿನ ಅಂತರ. ಆ ಮರೆಯಲ್ಲಿದ್ದರೆ ಎದುರುಗಾಳಿ ತಟ್ಟುವುದಿಲ್ಲ. ಆದರೆ ಯಾರೇ ಕತ್ತು ತಿರುಗಿಸಲಿ, ಚಕ್ರಕ್ಕೆ ಚಕ್ರ ತಾಗಿ ಎಲ್ಲರೂ ನೆಲ ಕಚ್ಚಬೇಕು. ಹಾಗಾಗಿ ಹಿಂದೆ ನೋಡುವ ಕೆಲಸ ಸಾಲಿನ ಕೊನೆಯವಳೊಬ್ಬಳದು. ಅವಳು ಕೂಗಬೇಕು, ಅವಳ ಮುಂದಿನವಳು ಆ ಕೂಗನ್ನು ಮುಂದಕ್ಕೆ ದಾಟಿಸಬೇಕು. ಅಭ್ಯಾಸದ ದಿನಗಳಲ್ಲಿ ಆ ಕೊನೆಯ ಜಾಗವನ್ನು ಕಸ್ತೂರಕ್ಕ ಯಾರಿಗೂ ಬಿಟ್ಟುಕೊಡಲಿಲ್ಲ. ‘ಗಾಡೀ!’ ಎಂದರೆ ಕಾರು, ಆಟೊ. ‘ದೊಡ್ಡ ಗಾಡೀ!’ ಎಂದರೆ ಲಾರಿ, ಬಸ್ಸು. ನಮ್ಮ ತಮಿಳು ಹುಡುಗಿಯರ ಬಾಯಲ್ಲೂ ಅದು ಹಾಗೆಯೇ ಕೂತುಬಿಟ್ಟಿತ್ತು.

‘ನಾ ಕೂಗಲಿಲ್ಲಂದ್ರ ರಸ್ತೆ ಖಾಲಿ ಐತಿ ಅಂತ ತಿಳಕೋರಿ. ಹೊಳ್ಳಿ ನೋಡಬ್ಯಾಡ್ರಿ. ಹೊಳ್ಳಿ ನೋಡಿದಾಕಿ ತಾನೂ ಬೀಳ್ತಾಳ, ಮಂದೀನ್ನೂ ಕೆಡವ್ತಾಳ.’ ಹೊಸದಾಗಿ ಸೇರಿದವರಿಗೆ ಇದು ಮೊದಲ ಪಾಠ.

ನಮ್ಮ ಹಿಂದೆ, ಟೀಮಿಗೆ ಹಣ ಹಾಕಿದ್ದ ಕಂಪನಿಯ ಬಿಳಿ ವ್ಯಾನು ನೆತ್ತಿಯ ಮೇಲೆ ಹಳದಿ ದೀಪ ಮಿಣುಕಿಸುತ್ತ ಬರುತ್ತಿತ್ತು. ಅದು ಲಾರಿಗಳಿಗೆ ಅಡ್ಡಗೋಡೆಯಾಗಿದ್ದಾಗಲೂ ಕಸ್ತೂರಕ್ಕ ಕೂಗುವುದನ್ನು ಬಿಡಲಿಲ್ಲ. ವ್ಯಾನಿರುವಾಗ ಗಂಟಲು ಯಾಕೆ ಹರಿದುಕೊಳ್ಳುತ್ತೀ ಎಂದು ಒಮ್ಮೆ ಕೆಣಕಿದೆ.

‘ಪದ್ದೀ, ವ್ಯಾನ್ ಕಂಪನೀದು. ಬಾಯಿ ನಂದು.’

ಅವಳು ಜಮಖಂಡಿ ಕಡೆಯವಳು. ರಾಷ್ಟ್ರೀಯ ಪದಕ ಗೆದ್ದಿದ್ದ ಅವಳನ್ನು ನಮ್ಮ ಟೀಮು ಕೈತುಂಬ ಸಂಬಳ ಹೇಳಿ ಕರೆತಂದಿತ್ತು. ರಾಯಪುರಂನಲ್ಲಿ ಒಂದು ಕೋಣೆ ಹಿಡಿದಿದ್ದಳು; ಮಂಚದ ಮೇಲೆ ಸೈಕಲ್ಲು, ಚಾಪೆಯ ಮೇಲೆ ಅವಳು. ನಾನು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ವಿಮಾ ಕಚೇರಿಯಲ್ಲಿ, ಮನೆ ವೇಲಚೇರಿಯಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾರೆ, ನಾನು ತಮಿಳಿನಲ್ಲಿ ಉತ್ತರಿಸುತ್ತೇನೆ. ಕಸ್ತೂರಕ್ಕನಿಗೂ ಹಾಗೆಯೇ ಉತ್ತರಿಸುತ್ತಿದ್ದೆ.

‘ಏನಬೇ, ಕನ್ನಡ ತಿಳೀತೈತಿ, ಮಾತಾಡಾಕ ಬರೂದಿಲ್ಲ?’

‘ಪುರಿಯುಂ ಅಕ್ಕಾ, ಆನಾ ವರಾದು.’ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ ಎಂದೆ.

‘ಕಿವ್ಯಾಗ ಹೋದದ್ದು ಬಾಯಾಗ ಬರವಲ್ದೇನು? ನಡುವ ಎಲ್ಲಿ ಪಂಕ್ಚರ್ ಆತು?’

ನಮ್ಮ ಅಂಗಿಯ ಎದೆಯ ಮೇಲೆ ಇದ್ದದ್ದು ಒಂದು ಎಳ್ಳೆಣ್ಣೆ ಕಂಪನಿಯ ಹೆಸರು. ಗಂಡಸರ ಟೀಮಿಗೂ ಅವರದೇ ಹಣ. ಕಸ್ತೂರಕ್ಕನಿಗೆ ಇದು ಮೂರನೆಯ ಟೀಮು. ಹಿಂದಿನ ಎರಡೂ ಅವಳ ಕಣ್ಣೆದುರೇ ಮುಚ್ಚಿದ್ದವು. ಹಾಗಾಗಿ ಹಣ ಕೊಡುವವನು ಕೈ ಹಿಂದಕ್ಕೆ ಎಳೆದುಕೊಳ್ಳುವ ವಾಸನೆ ಅವಳಿಗೆ ಎಲ್ಲರಿಗಿಂತ ಮೊದಲು ಬಡಿಯುತ್ತಿತ್ತು.

‘ಮೊದಲ ಬಾಳಿಹಣ್ಣ ಹೋಗ್ತಾವ. ಆಮ್ಯಾಲ ಗಾಡಿ. ಆಮ್ಯಾಲ ಹುಡುಗ್ಯಾರು’ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಒಂದು ಬೆಳಗ್ಗೆ ಓಟ ಮುಗಿಸಿ ಬಂದಾಗ, ಕಂಪನಿ ನಮಗೆ ದಿನವೂ ಇಡಿಸುತ್ತಿದ್ದ ಬಾಳೆಹಣ್ಣಿನ ಬುಟ್ಟಿ ಇರಲಿಲ್ಲ. ಯಾರೋ ಮರೆತಿರಬೇಕು ಅಂದುಕೊಂಡೆವು. ಮರುದಿನವೂ ಇರಲಿಲ್ಲ. ಕಸ್ತೂರಕ್ಕ ಹೋಗಿ ವ್ಯಾನಿನ ಬಾಗಿಲನ್ನು ಸುಮ್ಮನೆ ತಟ್ಟಿ ಬಂದಳು.

ಸ್ವಲ್ಪ ದಿನಕ್ಕೆ ವ್ಯಾನೂ ಹೋಯಿತು. ಗಂಡಸರ ರೇಸು ಟಿವಿಯಲ್ಲಿ ಬರುತ್ತದೆ, ಅವರಿಗೆ ಎರಡು ಗಾಡಿ ಬೇಕಂತೆ. ಕಂಪನಿಯ ಮನುಷ್ಯ ಬಂದು ಸಕ್ಕರೆಯಂಥ ಮಾತಿನಲ್ಲಿ ತಿಳಿಸಿದ: ‘ಟೆಂಪರರಿ ದಾನ್ ಮಾ. ನೀಂಗ ಅಂದ ರೇಸ್ ಜೈಚ್ಚಾ ವ್ಯಾನ್ ತಿರುಂಬಿ ವರುಂ.’ ಮುಂದಿನ ತಿಂಗಳ ದೊಡ್ಡ ರೇಸಿನಲ್ಲಿ ಗೆದ್ದರೆ ವ್ಯಾನು ವಾಪಸ್ಸು, ಟೀಮಿಗೂ ಇನ್ನೊಂದು ವರ್ಷದ ಆಯಸ್ಸು. ಗೆಲ್ಲಬೇಕಾದರೆ ದಿನವೂ ರಸ್ತೆಗಿಳಿಯಬೇಕು, ಹಿಂದೆ ಗಾಡಿಯಿಲ್ಲದೆ ಇಳಿಯಬೇಕು. ಆ ಮನುಷ್ಯ ಮಾತಾಡುವಷ್ಟು ಹೊತ್ತೂ ಕಸ್ತೂರಕ್ಕ ಅವನ ಬೆನ್ನ ಹಿಂದೆ ನೋಡುತ್ತಿದ್ದಳು. ಅವನೂ ಒಮ್ಮೆ ತಿರುಗಿ ನೋಡಿದ.

‘ಹಿಂದ ಗಾಡಿ ಇಲ್ಲಂದ್ರೇನಾತು? ನಾನ ಗಾಡಿ’ ಎಂದು ಅವಳು ನಮಗೆ ಧೈರ್ಯ ಹೇಳಿದಳು. ಅಂದಿನಿಂದ ಸಾಲಿಗೆ ಅಂಟಿಕೊಂಡು ಬರುವುದನ್ನು ಬಿಟ್ಟಳು. ಲಾರಿಯವರಿಗೆ ಮೊದಲು ತಾನೇ ಕಾಣಿಸಲಿ ಎಂದು ಒಂದಿಷ್ಟು ದೂರ ಹಿಂದುಳಿದು, ಒಂಟಿಯಾಗಿ, ಗಾಳಿಯನ್ನೆಲ್ಲ ತಾನೇ ಸೀಳಿಕೊಂಡು ಬರುತ್ತಿದ್ದಳು.

ಅದೇ ವಾರ ಪುಣೆಯ ಒಂದು ಟೀಮಿನ ಮ್ಯಾನೇಜರು ಎಗ್ಮೋರಿನ ಹೋಟೆಲಿಗೆ ಅವಳನ್ನು ಕರೆಸಿದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಅವರಿಗೆ ಅವಳು ಬೇಕಿತ್ತು, ಕೂಡಲೇ ಬೇಕಿತ್ತು. ಸಂಬಳ, ಸೈಕಲ್ಲು, ವಿದೇಶದ ರೇಸು, ಎಲ್ಲ ಹೇಳಿದರು. ಅವಳು ತನ್ನ ಹರಕುಮುರಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: ಹುಡುಗಿಯರ ಹಿಂದೆ ದಿನಾ ಗಾಡಿ ಬರುತ್ತದೆಯೇ? ಅದೇನು ಕೇಳುವ ಮಾತೇ ಎಂದು ಅವರು ನಕ್ಕರು. ಹಾಗಾದರೆ ಸೀಸನ್ ಮುಗಿದ ಮೇಲೆ ಇವಳನ್ನು ಕರೆದುಕೊಳ್ಳಿ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. ನೀನು ಹೋಗು, ಇಲ್ಲಿ ಏನಿದೆ ಎಂದು ತಮಿಳಿನಲ್ಲಿ ಕೂಗಾಡಿದೆ.

‘ಕಂಪನ್ಯಾವ್ರಿಗೆ ಗೊತ್ತಿರೂದು ನನ್ನ ಹೆಸರೊಂದ. ನಾ ಇವತ್ತ ಹೋದ್ರ ನಾಳೆ ಟೀಮ್ ಮುಚ್ಚತಾರ. ಸೆಲ್ವಿ ಎಲ್ಲಿ ಹೋಗಬೇಕು? ಉಳಿದಾವ್ರು?’ ಎಂದಳು. ಆಮೇಲೆ ದನಿ ಇಳಿಸಿ, ‘ಕಾಫಿ ಚಲೋ ಇತ್ತು ನೋಡು’ ಎಂದಳು. ಸೆಲ್ವಿ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಸಾಲಿನಲ್ಲಿ ಅಕ್ಕನ ಮುಂದಿನ ಜಾಗ ಅವಳದು.

ರೇಸಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ಎಂದಿನಂತೆ ನಸುಕಿನಲ್ಲಿ ವೇಲಚೇರಿ ರೈಲು ನಿಲ್ದಾಣದ ಬಳಿ ಸೇರಿದೆವು. ಕಸ್ತೂರಕ್ಕ ನನ್ನ ಬೆನ್ನಾಚೆ ನೋಡುತ್ತ ‘ಇವತ್ತ ನೀ ಮುಂದ ಇರು. ಪುಣೇಕ ಹೋದ ಮ್ಯಾಲ ನಮ್ಮ ಮಾನ ಕಳೀಬ್ಯಾಡ’ ಎಂದಳು. ನೀರಿನ ಲಾರಿಗಳು ಆಗಲೇ ಬೀದಿಗೆ ಬಿದ್ದಿದ್ದವು. ಸಮುದ್ರದ ಪಕ್ಕದ ಹೆದ್ದಾರಿಗೆ ಬರುವವರೆಗೆ ಕೂಗಿನ ಮೇಲೆ ಕೂಗು. ‘ದೊಡ್ಡ ಗಾಡೀ!’ ಎಂದು ಅಕ್ಕ, ಅದನ್ನೇ ಸೆಲ್ವಿ, ಆಮೇಲೆ ಒಬ್ಬೊಬ್ಬರಾಗಿ ನನ್ನವರೆಗೆ.

ಮುಟ್ಟುಕಾಡಿನ ಸೇತುವೆ ದಾಟಿದ ಮೇಲೆ ಕೂಗು ನಿಂತಿತು. ಬ್ರೇಕಿನ ಕಿರುಚು ಕೇಳಿಸಿತ್ತು ಎಂದು ಸೆಲ್ವಿ ಆಮೇಲೆ ಹೇಳಿದಳು. ಆ ರಸ್ತೆಯಲ್ಲಿ ಬ್ರೇಕು ಕಿರುಚದ ಗಳಿಗೆಯೇ ಇಲ್ಲ. ನನಗಂತೂ ಕಿವಿಯಲ್ಲಿ ಗಾಳಿಯೊಂದೇ. ನಮ್ಮನ್ನು ದಾಟಿ ಒಂದು ಗಾಡಿಯೂ ಹೋಗಲಿಲ್ಲ. ಅಂಥ ರಸ್ತೆ ನಮಗೆ ಎಂದೂ ಸಿಕ್ಕಿರಲಿಲ್ಲ. ಅಷ್ಟಗಲದ ದಾರಿ ಪೂರ್ತಿ ನಮ್ಮದೇ ಎಂಬಂತೆ ಓಡಿಸಿದೆವು. ಸೆಲ್ವಿ ಹಾಡು ಗುನುಗುತ್ತಿದ್ದಳಂತೆ. ಈ ವೇಗದಲ್ಲಿ ಹೋದರೆ ರೇಸು ನಮ್ಮದೇ ಎಂದು ನಾನು ಖುಷಿಪಟ್ಟೆ.

ಎಳನೀರಿನ ಅಂಗಡಿಯ ಮುಂದೆ ನಿಂತೆವು. ಕಾದೆವು.

‘ಅಕ್ಕಾ ಎಂಗಡೀ?’ ಅಕ್ಕ ಎಲ್ಲೇ ಎಂದೆ.

‘ಪಿನ್ನಾಡಿ ದಾನೇ ಇರುಂದಾಂಗ’ ಎಂದಳು ಸೆಲ್ವಿ. ಹಿಂದೆಯೇ ಇದ್ದಳಲ್ಲ.

ನಮ್ಮನ್ನು ಹೆದರಿಸಿದ್ದು ಎಳನೀರಿನವನ ಮಾತು. ಇಷ್ಟು ಹೊತ್ತಾಯಿತು, ಮೊದಲ ಬಸ್ಸೂ ಬರಲಿಲ್ಲ, ದಾರಿಯಲ್ಲಿ ಏನಾಗಿದೆ ಎಂದು ಅವನು ನಮ್ಮನ್ನೇ ಕೇಳಿದ. ಆಗ ಎಲ್ಲರೂ ಒಟ್ಟಿಗೆ ಹೊಳ್ಳಿ ನೋಡಿದೆವು. ಕಣ್ಣು ಹರಿಯುವಷ್ಟು ದೂರವೂ ರಸ್ತೆ ಬೋಳಾಗಿತ್ತು.

ವಾಪಸ್ಸು ಹೋಗುವಾಗ ಮೊದಲು ಕಂಡದ್ದು ನೀರು. ರಸ್ತೆಯ ಅಂಚಿನಲ್ಲಿ ಸಣ್ಣಗೆ ನಮ್ಮತ್ತ ಹರಿದು ಬರುತ್ತಿತ್ತು. ತಿರುವಿನಲ್ಲಿ ನೀರಿನ ಲಾರಿ ಅಡ್ಡಡ್ಡ ನಿಂತಿತ್ತು. ಅದರ ಹಿಂದೆ ಬಸ್ಸು, ಕಾರು, ಎಲ್ಲ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ನಮಗೆ ಸಿಕ್ಕಿದ್ದ ಖಾಲಿ ರಸ್ತೆ ಅದು. ಕಸ್ತೂರಕ್ಕನ ಮೇಲೆ ಯಾರೋ ಲುಂಗಿ ಹೊದಿಸಿದ್ದರು.

ನಮ್ಮ ಸೈಕಲ್ಲುಗಳನ್ನು ಒಯ್ಯಲು ಕಂಪನಿಯ ವ್ಯಾನು ಬಂತು, ಹಳದಿ ದೀಪ ಮಿಣುಕಿಸುತ್ತಲೇ ಬಂತು. ‘ಇಪ್ಪೋ ಎದುಕ್ಕುಣ್ಣಾ ವಂದೀಂಗ?’ ಎಂದು ಸೆಲ್ವಿ ಅದರ ಬಾನೆಟ್ಟನ್ನು ಎರಡೂ ಕೈಯಲ್ಲಿ ಗುದ್ದಿದಳು. ಈಗ ಯಾಕೆ ಬಂದಿರಿ ಎಂದು ಅವಳು ಕೇಳುತ್ತಿದ್ದರೆ ಡ್ರೈವರಣ್ಣ ಪಾಪ ಸ್ಟೀರಿಂಗಿಗೆ ತಲೆಯಾನಿಸಿ ಅಳುತ್ತಿದ್ದ. ಕಂಪನಿಯವರು ದೊಡ್ಡ ಹೂಮಾಲೆ ಕಳಿಸಿದರು, ಅದರ ಪಟ್ಟಿಯ ಮೇಲೆ ತಮ್ಮ ಎಣ್ಣೆಯ ಹೆಸರನ್ನು ದಪ್ಪಗೆ ಬರೆಸಿದ್ದರು. ಆ ರೇಸಿಗೆ ನಾವು ಹೋಗಲಿಲ್ಲ. ತಿಂಗಳು ಕಳೆಯುವುದರೊಳಗೆ ಹೆಂಗಸರ ಟೀಮು ಮುಚ್ಚಿತು. ಬಾಳೆಹಣ್ಣು, ಗಾಡಿ, ಹುಡುಗಿಯರು. ಅಕ್ಕ ಹೇಳಿದ್ದ ಸರದಿಯಲ್ಲಿ ಒಂದೇ ಒಂದು ತಪ್ಪಾಗಿತ್ತು. ಹುಡುಗಿಯರಿಗಿಂತ ಮೊದಲು ಅವಳು ಹೋದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಸೆಲ್ವಿ ಸೈಕಲ್ಲು ಮಾರಿ ಜವಳಿ ಅಂಗಡಿ ಸೇರಿದಳು. ನಾನು ಪುಣೆಯ ಟೀಮಿಗೆ ಬಂದೆ. ಇಲ್ಲಿ ನಮ್ಮ ಹಿಂದೆ ದಿನವೂ ಗಾಡಿ ಬರುತ್ತದೆ, ಮ್ಯಾನೇಜರು ಸುಳ್ಳು ಹೇಳಿರಲಿಲ್ಲ. ಆದರೂ ಅಭ್ಯಾಸದ ದಿನ ನಾನು ಕೊನೆಯ ಜಾಗವನ್ನು ಯಾರಿಗೂ ಬಿಡುವುದಿಲ್ಲ, ಕೂಗುವುದನ್ನೂ ಬಿಡುವುದಿಲ್ಲ. ಗಾಡಿ ಬಂದಾಗ ಮಾತ್ರ ಕೂಗಿದರೆ ಸಾಕಲ್ಲ ಎಂದು ಇಲ್ಲಿಯ ಹುಡುಗಿಯರು ಗೊಣಗುತ್ತಾರೆ. ಸಾಲದು. ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲದಿದ್ದರೂ ಮೇಲಿಂದ ಮೇಲೆ ಕೂಗುತ್ತೇನೆ. ಅಕ್ಕನಿದ್ದಾಗ ‘ಗಾಡೀ’ ಬಿಟ್ಟರೆ ನನ್ನ ಬಾಯಿಂದ ಒಮ್ಮೆಯೂ ಹೊರಡದಿದ್ದ ಅವಳ ಮಾತಿನಲ್ಲೇ ಕೂಗುತ್ತೇನೆ: ‘ಖಾಲಿ ಐತೀ! ನಾ ಅದೀನಿ, ನಡೀರೀ!’