ಎಲ್ಲರೂ ಹೋದ ಮೇಲೆ ಹತ್ತುವವಳು

ಬಸವೇಶ್ವರನಗರದ ಈಜುಕೊಳದಲ್ಲಿ ನಮ್ಮ ಮಹಿಳೆಯರ ಬ್ಯಾಚ್ ಮುಗಿಯಿತೆಂದು ಕೋಚ್ ವಿಶಲ್ ಊದಿದರೂ ಹೊಸದಾಗಿ ಸೇರಿದ್ದ ದಪ್ಪನೆಯ ಹುಡುಗಿ ನೀರಿನಿಂದ ಮೇಲೆ ಬರಲಿಲ್ಲ. ಮಂಡಿನೋವಿದೆ, ವಾಕಿಂಗ್ ಬೇಡ, ತೂಕ ಇಳಿಸಲು ಈಜು ಒಳ್ಳೆಯದೆಂದು ಡಾಕ್ಟರ್ ಹೇಳಿದ್ದರಿಂದ ಬರುತ್ತಿದ್ದಳು. ಈಜಿನ ಹುಚ್ಚು ಹಿಡಿದಿರಬೇಕು ಎಂದುಕೊಂಡು, "ಸಾಕು ಬಾಮ್ಮ, ಟೈಮಾಯ್ತು" ಎಂದೆ.

"ನೀವೆಲ್ಲ ಹೋಗಿ ಆಂಟಿ, ನಾನು ಆಮೇಲೆ ಬರ್ತೀನಿ. ನೀರಲ್ಲಿದ್ರೆ ಯಾರೂ ನನ್ನ ನೋಡಿ ನಗಲ್ಲ" ಎಂದಳು.

ನನ್ನ ದೊಡ್ಡ ಟವೆಲ್ ಬಿಡಿಸಿ ಏಣಿಯ ಬಳಿ ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿ ನಿಂತೆ. ಅವಳು ನಿಧಾನವಾಗಿ ಹತ್ತಿ ಬಂದು ಅದನ್ನು ಸುತ್ತಿಕೊಂಡಳು.

ಈಗ ಅವಳ ಮಂಡಿನೋವು ಕಡಿಮೆಯಾಗಿದೆ, ತೂಕವೂ ಇಳಿಯುತ್ತಿದೆ. ಎಲ್ಲರ ಜೊತೆಗೇ ಮೇಲೆ ಬರುತ್ತಾಳೆ. ಆದರೆ ಮೊದಲ ವಾರ ಅವಳನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬಳೆಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.