ಉಸಿರಾಡುವ ಬೋರ್‌ವೆಲ್

ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹೋಗಿ ಭೀಮನಬೀಡಿನ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ವಾರವಾದರೂ ಬರಲಿಲ್ಲ. ಮನೆಗೇ ಹೋಗಿ ವಿಚಾರಿಸಿದೆ. ದಾರಿಯಲ್ಲಿರುವ ತಮ್ಮ ಹೊಲದ ಒಣ ಬೋರ್‌ವೆಲ್ ಉಸಿರಾಡುತ್ತದೆ, ಅದನ್ನು ದಾಟಿ ಬರಲಾರೆ ಎಂದಳು.

ಅವಳ ತಾತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಊರವರ ಹೊಲಗಳಲ್ಲಿ ನೀರಿನ ಪಾಯಿಂಟ್ ತೋರಿಸುತ್ತಿದ್ದವರು. ಸ್ವಂತ ಹೊಲದಲ್ಲಿ ಅವರು ತೋರಿಸಿದ ಕಡೆ ಕೊರೆಸಿದರೆ ಬರೀ ಧೂಳು ಬಂತು. ಆ ಕೊರಗಿನಲ್ಲೇ ತೀರಿಕೊಂಡರಂತೆ. ಆ ಉಸಿರು ಅವರದೇ ಎಂದು ಅಜ್ಜಿ ದಿನಾ ಮಧ್ಯಾಹ್ನ ಅಲ್ಲಿ ಒಂದು ತುತ್ತು ಮುದ್ದೆ ಇಟ್ಟು ಬರುತ್ತಿದ್ದರು. ಹೀಗೇ ಆದರೆ ಹುಡುಗಿಯ ಶಾಲೆ ಬಿಡಿಸಿ ಹೂ ಕೊಯ್ಲಿಗೆ ಕಳಿಸುವುದು ಎಂದು ಮನೆಯವರು ತೀರ್ಮಾನಿಸಿದ್ದರು.

ನನಗೆ ರೇಗಿಹೋಯಿತು. "ಅದು ಬರೀ ಗಾಳಿ," ಎಂದೆ.

"ನೀವ್ ನೋಡಿದ್ದೀರಾ ಮಿಸ್?"

ನೋಡಿರಲಿಲ್ಲ. ನಾಳೆ ಇಬ್ಬರೂ ಹೋಗಿ ನೋಡೋಣ ಎಂದೆ.

ಮರುದಿನ ಅವಳ ಕೈ ಹಿಡಿದುಕೊಂಡೇ ಹೋದೆ. ಪೈಪಿನ ಬಾಯಿಗೆ ಬೆಸೆದ ತಗಡು, ಅದರಲ್ಲಿ ಬೆರಳು ತೂರುವಷ್ಟು ತೂತು. ಸುತ್ತಲಿನ ಚೆಂಡುಹೂವಿನ ಗಿಡಗಳಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ತೂತಿನ ಮೇಲೆ ಅಂಗೈ ಇಟ್ಟೆ. ಒಳಗಿನಿಂದ ತಣ್ಣನೆಯ ಉಸಿರು ಬಂತು, ಹಸಿಮಣ್ಣಿನ ವಾಸನೆಯದು. ತಟ್ಟನೆ ಕೈ ಕಿತ್ತುಕೊಂಡೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೆದರಿದ್ದು ಅವಳಿಗೆ ಗೊತ್ತಾಯಿತು, ನಾಚಿಕೆಯೂ ಆಯಿತು ನನಗೆ.

ಅದನ್ನೇ ತರಗತಿಯ ಪ್ರಾಜೆಕ್ಟ್ ಮಾಡಿದೆವು. ತೂತಿನ ಮೇಲೆ ದಾರಕ್ಕೆ ಕಟ್ಟಿದ ಚೆಂಡುಹೂವಿನ ಎಸಳು, ಗಾಳಿಯ ಒತ್ತಡ ತೋರಿಸುವ ನನ್ನ ಫೋನು, ಗಂಟೆಗೊಮ್ಮೆ ಬರೆದುಕೊಳ್ಳಲು ನೋಟ್‌ಬುಕ್ಕು. ಮೊದಲೆರಡು ದಿನ ಗೆಳತಿಯರ ಬೆನ್ನ ಹಿಂದೆ ನಿಂತ ಹುಡುಗಿ ಮೂರನೇ ದಿನ ನೋಟ್‌ಬುಕ್ಕನ್ನು ತಾನೇ ಕಸಿದುಕೊಂಡಳು. ಹದಿನೈದು ದಿನಕ್ಕೆ ಗ್ರಾಫ್ ಮೂಡಿತು. ಬೆಳಿಗ್ಗೆ ಹತ್ತರ ಮೇಲೆ ಹೊರಗಿನ ಒತ್ತಡ ಇಳಿಯುತ್ತದೆ, ಆಗ ಬೋರ್‌ವೆಲ್ ಉಸಿರು ಬಿಡುತ್ತದೆ. ಸಂಜೆ ನಾಲ್ಕರ ಮೇಲೆ ಒತ್ತಡ ಏರುತ್ತದೆ, ಆಗ ಒಳಗೆಳೆದುಕೊಳ್ಳುತ್ತದೆ.

ಹುಡುಗಿಯೇ ಅಜ್ಜಿಗೆ ವಿವರಿಸಿದಳು. ಅಜ್ಜಿ ಗ್ರಾಫಿನ ಮೇಲೆ ಬೆರಳಾಡಿಸಿ, "ಉಣ್ಣೋ ಒತ್ಗೆ ಉಸ್ರು ಬತ್ತದೆ ಅಂತ ನೀನೇ ಬರ್ದಿದ್ದೀಯಲ್ಲ ಕಣಮ್ಮಿ. ನಿಮ್ ತಾತ ಹೊಲದಿಂದ ಬತ್ತಿದ್ದೂ ಅದೇ ಒತ್ಗೆ," ಎಂದರು. ಆಮೇಲೆ ನನಗೆ, "ಚೆನ್ನಾಗ್ ಕಲಿಸಿದ್ದೀರಿ ಟೀಚರಮ್ಮಾ. ಇವಳ್ನ ಇಸ್ಕೂಲ್ ಬುಡ್ಸದಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಯ ದಿನ ಸಂಜೆ ನಾಲ್ಕಕ್ಕೆ ದಾರ ಬಿಚ್ಚಲು ನಾವಿಬ್ಬರೇ ಹೋದೆವು. ಎಸಳು ಮೇಲಕ್ಕೂ ಹಾರದೆ ಕೆಳಕ್ಕೂ ಇಳಿಯದೆ ಸುಮ್ಮನೆ ನಿಂತಿತ್ತು. ಅದಕ್ಕೂ ಗ್ರಾಫಿನಲ್ಲಿ ಕಾರಣವಿತ್ತು: ಒತ್ತಡ ಇಳಿಯುವುದು ನಿಂತು ಏರತೊಡಗುವ ಹೊತ್ತು ಅದು. ಹುಡುಗಿ ನೋಟ್‌ಬುಕ್ ಮುಚ್ಚಿ, ಬಗ್ಗಿ, ತೂತಿನ ಹತ್ತಿರ ಬಾಯಿ ತಂದು, "ತಾತಾ, ನಾಳಿಂದ ಒಬ್ಳೇ ಬತ್ತೀನಿ ಈ ದಾರೀಲಿ," ಎಂದಳು. ಆಮೇಲೆ ಕಿವಿಯಿಟ್ಟು ಕಾದಳು.

ಅದು ಬರೀ ಗಾಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಪಕ್ಕದಲ್ಲೇ ಬಗ್ಗಿ ನಾನೂ ಕಿವಿಗೊಟ್ಟಿದ್ದೆ.